ಕಣ್ಣೀರಿಗೆ ವಿಭಾವವುಂಟೆ? ಕಾಪ್ರಾ ಅವರ ಚಿತ್ರವೊಂದರ ವಿಮರ್ಶೆಯನ್ನು ಕುರಿತು

ಫ್ರ್ಯಾಂಕ್ ಕಾಪ್ರಾ ಅವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರವು 1946ರ ಡಿಸೆಂಬರಿನಲ್ಲಿ ತೆರೆಕಂಡಾಗ, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಿಮರ್ಶಕ ಬಾಸ್ಲಿ ಕ್ರೌದರ್ ಅದರ ದೌರ್ಬಲ್ಯ ಭಾವುಕತೆಯಲ್ಲಿದೆಯೆಂದು ತೀರ್ಮಾನಿಸಿದರು. ಪಾತ್ರಗಳೂ ಊರೂ ಮನಸೆಳೆಯುತ್ತವೆ, ಆದರೆ ಬದುಕಿನ ಕಲ್ಪನೆ ಭ್ರಾಮಕವಾದುದು, ಸಮಸ್ಯೆಗಳ ಪರಿಹಾರ ತೀರ ಸಲೀಸಾದುದು ಎಂಬುದು ಅವರ ಆಕ್ಷೇಪದ ಸಾರ. ಇಂತಹ ಚಿತ್ರಗಳಿಗೆ ‘ಕಾಪ್ರಾ-ಕಾರ್ನ್’ ಎಂಬ ಕುಚೋದ್ಯದ ಹೆಸರೂ ಅಂಟಿಕೊಂಡಿತು. ಚಿತ್ರವು ನಿರೀಕ್ಷಿತ ಹಣವನ್ನು ಗಳಿಸಲಿಲ್ಲ.

ಮುಂದೆ ಈ ತೀರ್ಪು ತಲೆಕೆಳಗಾಯಿತು. 1974ರಲ್ಲಿ ಹಕ್ಕುಸ್ವಾಮ್ಯದ ನವೀಕರಣ ತಪ್ಪಿಹೋದುದರಿಂದ ದೂರದರ್ಶನ ಕೇಂದ್ರಗಳು ಅದನ್ನು ಕ್ರಿಸ್‌ಮಸ್ ಕಾಲದಲ್ಲಿ ಮತ್ತೆಮತ್ತೆ ಬಿತ್ತರಿಸಿದವು. ಅಮೆರಿಕದ ಮನೆಮನೆಗಳಲ್ಲಿ ಅದು ಹಬ್ಬದ ವಾಡಿಕೆಯಾಯಿತು. ಹಾಗೆಂದು ವಿಮರ್ಶಕರು ಸೋತರೆನ್ನುವುದು ಅವಸರದ ಮಾತು. ಕಾನೂನಿನ ಒಂದು ಲೋಪದಿಂದ ಹಬ್ಬಿದ ಜನಪ್ರಿಯತೆಯು ಕೃತಿಯ ಗುಣಕ್ಕೆ ಪ್ರಮಾಣವಾಗಲಾರದು; ಮೊದಲ ವರ್ಷದ ಗಲ್ಲಾಪೆಟ್ಟಿಗೆಯೂ ಅದರ ದೋಷಕ್ಕೆ ಪ್ರಮಾಣವಲ್ಲ. ಕೃತಿಯನ್ನೇ ನೋಡಬೇಕು.

ನಮ್ಮ ರಸಮೀಮಾಂಸೆ ಇಲ್ಲಿ ಒಂದು ಒರೆಗಲ್ಲನ್ನು ಒದಗಿಸುತ್ತದೆ. ವಿಭಾವವಿಲ್ಲದೆ ರಸನಿಷ್ಪತ್ತಿಯಿಲ್ಲ. ಕಾರಣವು ಬಡವಾಗಿದ್ದು ಕಣ್ಣೀರು ಧಾರಾಳವಾಗಿದ್ದರೆ ಅದು ಭಾವಾತಿರೇಕ. ಕಾರಣವು ಸಮರ್ಥವಾಗಿದ್ದರೆ ಎಷ್ಟು ಅತ್ತರೂ ಅದು ದೋಷವಲ್ಲ. ಕಾಪ್ರಾ ಅವರ ನಾಯಕ ಜಾರ್ಜ್ ಬೈಲಿ ತಮ್ಮನನ್ನು ಉಳಿಸಲು ಹೋಗಿ ಒಂದು ಕಿವಿಯ ಶ್ರವಣಶಕ್ತಿಯನ್ನು ಕಳೆದುಕೊಂಡವನು. ತಂದೆಯ ಸಾಲಸಂಸ್ಥೆಗಾಗಿ ಕಾಲೇಜನ್ನೂ ದೇಶಾಟನೆಯನ್ನೂ ಬಿಟ್ಟವನು. ಮಧುಚಂದ್ರಕ್ಕೆಂದಿರಿಸಿದ 2,000 ಡಾಲರನ್ನು ಠೇವಣಿದಾರರಿಗೆ ಹಂಚಿದವನು. ಈ ತ್ಯಾಗಗಳು ಅವನನ್ನು ಸಂತನನ್ನಾಗಿ ಮಾಡುವುದಿಲ್ಲ. 8,000 ಡಾಲರ್ ಕಳೆದುಹೋದ ಸಂಜೆ ಅವನು ಮಡದಿ ಮಕ್ಕಳ ಮೇಲೆ ಹರಿಹಾಯುತ್ತಾನೆ. ಒಳಗೆ ಮಡುಗಟ್ಟಿದ ಕಹಿ ಹೊರಬೀಳುತ್ತದೆ. ಒಳ್ಳೆಯತನಕ್ಕೆ ತೆರಬೇಕಾದ ಬೆಲೆಯನ್ನು ಚಿತ್ರವು ಲೆಕ್ಕವಿಟ್ಟು ತೋರಿಸಿದ ಮೇಲೆಯೇ ನಮ್ಮ ಕಣ್ಣೀರನ್ನು ಕೇಳುತ್ತದೆ.

ಪರಿಹಾರ ಸಲೀಸು ಎಂಬ ಆಕ್ಷೇಪವೂ ಅರ್ಧಸತ್ಯ. ಊರವರು ಹಣ ಕೂಡಿಸಿ ಜಾರ್ಜನನ್ನು ಉಳಿಸುವುದು ನಿಜ. ಆದರೆ ಕೈಗೆ ಸಿಕ್ಕ ಆ 8,000 ಡಾಲರನ್ನು ಬಚ್ಚಿಟ್ಟುಕೊಂಡ ಸಿರಿವಂತ ಪಾಟರ್ ಕೊನೆಯವರೆಗೂ ಸಿಕ್ಕಿಬೀಳುವುದಿಲ್ಲ, ಹಣವನ್ನು ಮರಳಿಸುವುದೂ ಇಲ್ಲ. ದುಷ್ಟಶಿಕ್ಷೆಯ ಸುಲಭ ತೃಪ್ತಿಯನ್ನು ಪ್ರೇಕ್ಷಕನಿಗೆ ನಿರಾಕರಿಸುವ ಕೃತಿಯನ್ನು ಬರಿಯ ಓಲೈಕೆಯೆನ್ನಲು ಹೇಗೆ ಸಾಧ್ಯ?

ವಿಮರ್ಶಕರ ಮಾತು ನಿಲ್ಲುವ ಎಡೆಯೂ ಒಂದುಂಟು. ಜಾರ್ಜ್ ಹುಟ್ಟಿರದಿದ್ದರೆ ಏನಾಗುತ್ತಿತ್ತೆಂದು ದೇವದೂತನು ತೋರಿಸುವಾಗ, ಅವನ ಮಡದಿ ಮೇರಿ ಅವಿವಾಹಿತ ಗ್ರಂಥಪಾಲಕಿಯಾಗಿ ಕಾಣಿಸಿಕೊಳ್ಳುತ್ತಾಳೆ. ಅದೇ ಒಂದು ದುರಂತವೆಂಬಂತೆ ನಾವು ಬೆಚ್ಚಬೇಕೆಂದು ಚಿತ್ರ ಬಯಸುತ್ತದೆ. ಇಲ್ಲಿ ವಿಭಾವ ದುರ್ಬಲ, ಭಾವ ಅತಿ. ಭಾವುಕತೆಯ ಆರೋಪ ಸಲ್ಲುವುದು ಇಲ್ಲಿ.

‘ಭಾವುಕ’ ಎಂಬ ಪದವು ವಿಮರ್ಶೆಯಲ್ಲಿ ಬೈಗುಳದಂತೆ ಬಳಕೆಯಾಗುತ್ತಿದೆ. ಇಡೀ ಕೃತಿಗೆ ಅದನ್ನು ಹಚ್ಚಿಬಿಟ್ಟರೆ ವಿಮರ್ಶಕನ ಕೆಲಸ ಮುಗಿದಂತೆ ತೋರುತ್ತದೆ. ಯಾವ ದೃಶ್ಯದಲ್ಲಿ, ಯಾವ ಕಾರಣ ಸಾಲದಾಯಿತೆಂದು ತೋರಿಸದಿದ್ದರೆ ಅದು ವಿಮರ್ಶೆಯಾಗದು, ಅಭಿರುಚಿಯ ಘೋಷಣೆಯಷ್ಟೇ. ಜನಸಾಮಾನ್ಯರು ಮೆಚ್ಚಿದ ಕಾದಂಬರಿ, ನಾಟಕ, ಚಲನಚಿತ್ರಗಳನ್ನು ಕುರಿತು ಬರೆಯುವ ವಿದ್ಯಾರ್ಥಿಗಳು ಈ ಹೊಣೆಯನ್ನು ಮರೆಯಬಾರದು.