ರೋಲಿಗೆ ತಲುಪುವ ಮೊದಲೇ ಸೋರಿಹೋಗುವ ಲಾಭ

ಹಂಗಾಮು ಆರಂಭವಾಯಿತೆಂದರೆ ಹವಳಗಾದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವುದನ್ನು ಅಫಜಲಪುರ ತಾಲೂಕಿನ ವ್ಯಾಪಾರಸ್ಥರೆಲ್ಲರೂ ಬಲ್ಲರು. ಕಬ್ಬು ನುರಿಸುವ ರೋಲರುಗಳು ಎಷ್ಟೇ ಬಲಿಷ್ಠವಾಗಿದ್ದರೂ ತಮಗೆ ಉಣಿಸಿದ್ದನ್ನು ಮಾತ್ರ ನುರಿಸಬಲ್ಲವು. ಕಬ್ಬು ಒಮ್ಮೆ ರಾಶಿಯಾಗಿ, ಇನ್ನೊಮ್ಮೆ ತೆಳುವಾಗಿ ಬಂದರೆ ಗಿರಣಿ ಒಮ್ಮೆ ಕಟ್ಟಿಕೊಳ್ಳುತ್ತದೆ, ಇನ್ನೊಮ್ಮೆ ಬರಿದೇ ತಿರುಗುತ್ತದೆ. ಆದ್ದರಿಂದಲೇ ಸಕ್ಕರೆ ಉದ್ಯಮದ ಅನುಭವಿ ಎಂಜಿನಿಯರರು ರೋಲರಿನಷ್ಟೇ ಕಾಳಜಿಯಿಂದ ಅದರ ಹಿಂದಿನ ಕ್ಯಾರಿಯರ್, ಚಾಕು, ಚ್ಯೂಟುಗಳನ್ನೂ ನೋಡಿಕೊಳ್ಳುತ್ತಾರೆ.

ಚಾವಣಿಯ ತಗಡು ತಯಾರಿಸುವ ನಮ್ಮ ಸಣ್ಣ ಘಟಕಗಳಲ್ಲಿ ಈ ವಿವೇಕ ಕಾಣಸಿಗುವುದು ವಿರಳ. ಮಣ್ಣಿನ ಮಾಳಿಗೆ ಮತ್ತು ಶಹಾಬಾದ ಕಲ್ಲಿನ ಚಾವಣಿಗಳ ಸ್ಥಾನವನ್ನು ಬಣ್ಣದ ತಗಡು ಆಕ್ರಮಿಸಿದ ಮೇಲೆ ರೋಲ್ ಫಾರ್ಮಿಂಗ್ ಯಂತ್ರಗಳು ತಾಲೂಕು ಸ್ಥಳಗಳವರೆಗೂ ಬಂದಿವೆ. ಕಾಯಿಲ್ ತರಿಸಿ, ಗ್ರಾಹಕನ ಅಳತೆಗೆ ತಗಡು ಹೊರತೆಗೆದು ಕೊಡುವ ಈ ವ್ಯವಹಾರ ನೋಡಲು ಸರಳ. ನಾನು ಎಂಜಿನಿಯರನಲ್ಲ, ಲೆಕ್ಕ ಪರಿಶೋಧಕ. ಯಂತ್ರದ ದೋಷ ನನ್ನ ಕಣ್ಣಿಗೆ ಬೀಳುವುದು ಗುಜರಿ ಮಾರಾಟದ ಖಾತೆಯಲ್ಲಿ. ಅಲ್ಲಿ ಕಂಡದ್ದನ್ನೇ ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇನೆ.

ನನ್ನ ಕಕ್ಷಿದಾರರೊಬ್ಬರ ಘಟಕದಲ್ಲಿ ಮೂರು ತಿಂಗಳು ಸತತವಾಗಿ ಗುಜರಿಯ ತೂಕ ಏರುತ್ತ ಹೋಯಿತು. ತಗಡು ಯಂತ್ರದೊಳಗೆ ಎಡಕ್ಕೆ ಹಾಯುತ್ತಿತ್ತು. ಒಂದು ಅಂಚು ಅಲೆಯಲೆಯಾಗಿ ಹೊರಬರುತ್ತಿತ್ತು. ಹೊರಗಿನಿಂದ ಎರಡು ಸಲ ಫಿಟ್ಟರನ್ನು ಕರೆಸಿ ರೋಲುಗಳನ್ನು ಬಿಗಿ ಮಾಡಿಸಿದರು, ಸಡಿಲ ಮಾಡಿಸಿದರು. ಒಂದು ಕಾಯಿಲ್ ಸರಿಹೋಯಿತು, ಮುಂದಿನದು ಮತ್ತೆ ಕೆಟ್ಟಿತು. ಕೊನೆಗೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಬಂದು ರೋಲುಗಳತ್ತ ನೋಡಲೇ ಇಲ್ಲ. ಯಂತ್ರದ ಮಧ್ಯರೇಖೆಗೆ ಒಂದು ದಾರ ಕಟ್ಟಿ, ಅದನ್ನು ಕಾಯಿಲ್ ಹೊರುವ ಡಿಕಾಯ್ಲರಿನವರೆಗೆ ಎಳೆದು ತೋರಿಸಿದರು. ಕಾಯಿಲ್ ಇಳಿಸುವಾಗ ಎಂದೋ ತಾಗಿದ ಪೆಟ್ಟಿಗೆ ಡಿಕಾಯ್ಲರು ಮೂರು ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತು. ಅದನ್ನು ಸ್ವಸ್ಥಾನಕ್ಕೆ ತರಲು ಅರ್ಧ ದಿನ ಸಾಕಾಯಿತು. ಆದರೆ ಅಷ್ಟರಲ್ಲಿ ಕೆಡಿಸಿಟ್ಟಿದ್ದ ರೋಲುಗಳನ್ನು ಮೊದಲಿನ ಸ್ಥಿತಿಗೆ ತರಲು ಒಂದು ವಾರ ಹಿಡಿಯಿತು.

ಇಂಥ ಪ್ರಕರಣಗಳನ್ನು ಕಂಡ ಮೇಲೆ ನನ್ನ ಅಭಿಪ್ರಾಯ ದೃಢವಾಗಿದೆ. ತಗಡು ಸರಿಯಾಗಿ ಸಾಗದಿದ್ದಾಗ ಮೊದಲು ರೋಲಿಗೆ ಕೈ ಹಚ್ಚುವುದು ನಮ್ಮ ಘಟಕಗಳ ಅತ್ಯಂತ ದುಬಾರಿ ಅಭ್ಯಾಸ. ದೋಷವನ್ನು ಹಿಂದಿನಿಂದ ಹುಡುಕುತ್ತ ಬರಬೇಕು: ಮೊದಲು ಕಾಯಿಲ್, ಅನಂತರ ಡಿಕಾಯ್ಲರ್, ಅನಂತರ ಪ್ರವೇಶದ ಗೈಡ್, ಕಟ್ಟಕಡೆಗೆ ರೋಲು.

ಕಾಯಿಲಿನಲ್ಲಿಯೇ ವಕ್ರತೆ ಇರುವುದುಂಟು. ಮೂರು ಮೀಟರಿನಷ್ಟು ತಗಡನ್ನು ಸಮತಟ್ಟಾದ ನೆಲದ ಮೇಲೆ ಬಿಚ್ಚಿ, ಅಂಚಿನ ಎರಡು ತುದಿಗಳಿಗೆ ದಾರ ಹಿಡಿದು ನೋಡಿದರೆ ನಡುವಿನ ಅಂತರ ಬರಿಗಣ್ಣಿಗೆ ಕಾಣುತ್ತದೆ. ಅಗಲದ ಕಾಯಿಲನ್ನು ಸೀಳಿಸಿ ತಂದಿದ್ದರಂತೂ ಈ ಪರೀಕ್ಷೆ ಅವಶ್ಯ. ಸೀಳಿದ ಅಂಚಿನಲ್ಲಿ ಉಳಿದ ಮುಳ್ಳು ಗೈಡಿಗೆ ಸಿಕ್ಕಿಕೊಂಡು ಎಳೆಯುವುದೂ ಉಂಟು. ಬಾಗಿದ ತಗಡನ್ನು ಯಾವ ಗೈಡೂ ನೇರ ಮಾಡಲಾರದು. ಗೈಡನ್ನು ಬಿಗಿದಷ್ಟೂ ಅಂಚು ಮಡಚಿಕೊಳ್ಳುತ್ತದೆ, ಬಿಟ್ಟರೆ ತಗಡು ಅಲೆಯುತ್ತದೆ.

ಡಿಕಾಯ್ಲರಿನ ಬ್ರೇಕು ಸಡಿಲವಾಗಿದ್ದರೆ ಶಿಯರ್ ಕತ್ತರಿಸಲು ಯಂತ್ರ ನಿಂತಾಗಲೂ ಕಾಯಿಲ್ ತನ್ನ ಭಾರದಿಂದ ತಿರುಗುತ್ತಲೇ ಇರುತ್ತದೆ. ತಗಡು ಜೋತುಬಿದ್ದು, ಮತ್ತೆ ಹೊರಟಾಗ ಹಠಾತ್ತನೆ ಎಳೆಯಲ್ಪಡುತ್ತದೆ. ಬ್ರೇಕು ಅತಿಯಾಗಿ ಬಿಗಿದಿದ್ದರೆ ರೋಲುಗಳು ತಗಡಿನ ಮೇಲೆ ಜಾರಿ ಬಣ್ಣಕ್ಕೆ ಗೀರು ಬೀಳುತ್ತದೆ. ಕಾಯಿಲಿನ ಒಳಸುತ್ತಿಗೆ ಮ್ಯಾಂಡ್ರೆಲ್ ಪೂರ್ಣ ಹಿಗ್ಗಿ ಹಿಡಿಯದಿದ್ದರೆ ಕಾಯಿಲ್ ತಾನೇ ಜಾರುತ್ತದೆ. ಉದ್ದ ಅಳೆಯುವ ಎನ್‌ಕೋಡರಿನ ಚಕ್ರದ ಕೆಳಗೆ ಎಣ್ಣೆಯ ಪೊರೆ ಇದ್ದರೆ 12 ಅಡಿ ಎಂದು ಕತ್ತರಿಸಿದ್ದು 12 ಅಡಿ ಇರುವುದಿಲ್ಲ. ಇದರಿಂದ ಎಷ್ಟು ಗ್ರಾಹಕರೊಂದಿಗೆ ಮನಸ್ತಾಪವಾಗಿದೆಯೋ ಓದುಗರೇ ನೆನಪಿಸಿಕೊಳ್ಳಲಿ. ಇವೆಲ್ಲ ಸರಿಯಿದ್ದು ಮೊದಲ ಸ್ಟ್ಯಾಂಡಿನ ಎಡ-ಬಲ ಅಂತರ ಸಮವಿಲ್ಲದಿದ್ದರೆ ಮಾತ್ರ ಸ್ಪ್ಯಾನರ್ ಎತ್ತಿಕೊಳ್ಳಬೇಕು.

ಈಗ ಹಣದ ಮಾತಿಗೆ ಬರೋಣ. 5 ಟನ್ನಿನ ಒಂದು ಕಾಯಿಲಿನಲ್ಲಿ ಶೇ. 3ರಷ್ಟು, ಅಂದರೆ 150 ಕಿಲೋ, ಕೆಟ್ಟು ಗುಜರಿಯಾಯಿತು ಎಂದಿಟ್ಟುಕೊಳ್ಳಿ. ಖರೀದಿ ದರ ಕಿಲೋಗೆ 80 ರೂ., ಗುಜರಿ ದರ 30 ರೂ. ಎಂದು ಹಿಡಿದರೆ ನಷ್ಟ 7,500 ರೂ. ಕಿಲೋಗೆ 4 ರೂ. ಉಳಿಯುವ ವ್ಯಾಪಾರದಲ್ಲಿ ಇಡೀ ಕಾಯಿಲಿನ ಲಾಭವೇ 20,000 ರೂ. ಮೂರನೇ ಒಂದು ಪಾಲಿಗಿಂತ ಹೆಚ್ಚು ಅಲ್ಲಿಯೇ ಹೋಯಿತು. ದರಗಳನ್ನು ತಮ್ಮ ತಮ್ಮ ಬಿಲ್ಲು ನೋಡಿ ಬದಲಿಸಿಕೊಳ್ಳಬಹುದು. ಫಲಿತಾಂಶದ ಸ್ವರೂಪ ಹೆಚ್ಚು ಬದಲಾಗದು.

ಇನ್ನೊಂದು ಸೋರಿಕೆ ಇದೆ. ಅದು ಗುಜರಿಯಲ್ಲಿಯೂ ಕಾಣುವುದಿಲ್ಲ. ನಾವು ಕಾಯಿಲನ್ನು ತೂಕದಿಂದ ಕೊಂಡು ತಗಡನ್ನು ಉದ್ದದಿಂದ ಮಾರುತ್ತೇವೆ. 1220 ಮಿ.ಮೀ. ಅಗಲ, 0.45 ಮಿ.ಮೀ. ದಪ್ಪದ ತಗಡು ಮೀಟರಿಗೆ ಸುಮಾರು 4.31 ಕಿಲೋ ತೂಗುತ್ತದೆ; 5 ಟನ್ನಿಗೆ 1160 ಮೀಟರ್ ಬರಬೇಕು. ಅದೇ ಕಾಯಿಲಿನ ನಿಜವಾದ ದಪ್ಪ 0.47 ಇದ್ದರೆ ಬರುವುದು ಸುಮಾರು 1111 ಮೀಟರ್ ಮಾತ್ರ. 49 ಮೀಟರ್, ಅಂದರೆ 160 ಅಡಿ ತಗಡು ಯಾವ ಸದ್ದೂ ಇಲ್ಲದೆ ಹೋಯಿತು. 0.45ಕ್ಕೆ ಹೊಂದಿಸಿದ ರೋಲುಗಳಿಗೆ 0.47 ಬಿಗಿಯಾಗಿ, ಅದೇ ಕಾಯಿಲ್ ಯಂತ್ರದಲ್ಲಿಯೂ ತೊಂದರೆ ಕೊಡುವ ಸಂಭವವಿದೆ. ಆದ್ದರಿಂದ ಖರೀದಿ ಆದೇಶದಲ್ಲಿ ದಪ್ಪ ಲೇಪನಸಹಿತವೋ ಲೇಪನರಹಿತವೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಸತು ಲೇಪಿತ ತಗಡಿಗೆ ಐಎಸ್ 277, ಬಣ್ಣ ಲೇಪಿತಕ್ಕೆ ಐಎಸ್ 14246 ಎಂಬ ಮಾನಕಗಳಿವೆ. ಅವುಗಳ ಉಲ್ಲೇಖವೂ ಇರಲಿ. ದೂರು ಕೊಡುವುದಾದರೆ ಮೊದಲ ಹತ್ತಾರು ಮೀಟರಿನಲ್ಲಿಯೇ ಯಂತ್ರ ನಿಲ್ಲಿಸಿ, ಕಾಯಿಲಿನ ಚೀಟಿ ಕಾಯ್ದಿಟ್ಟು ಕೊಡಬೇಕು. ಇಡೀ ಕಾಯಿಲ್ ಓಡಿಸಿದ ಮೇಲೆ ಸರಬರಾಜುದಾರನಿಗೆ ಬರೆದ ಪತ್ರಕ್ಕೆ ಬರುವ ಉತ್ತರವನ್ನು ನಾನು ಅನೇಕ ಕಡತಗಳಲ್ಲಿ ಓದಿದ್ದೇನೆ. ಎಲ್ಲವೂ ಒಂದೇ ತರಹ.

ಲೆಕ್ಕದ ದೃಷ್ಟಿಯಿಂದ ಕಾಯಿಲಿನ ಆರಂಭ ಮತ್ತು ಅಂತ್ಯದ ತುಂಡು ಸಾಮಾನ್ಯ ನಷ್ಟ. ಡಿಕಾಯ್ಲರ್ ಸರಿದು ಕೆಟ್ಟದ್ದು ಅಸಾಮಾನ್ಯ ನಷ್ಟ. ಬಿ.ಕಾಂ. ತರಗತಿಯಲ್ಲಿ ಕಲಿತ ಈ ಭೇದವನ್ನು ನಮ್ಮ ಪುಸ್ತಕಗಳು ಮರೆತಿವೆ. ದಾಸ್ತಾನು ಮೌಲ್ಯಮಾಪನದ ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಾಮಾನ್ಯವಾಗಿ ವ್ಯರ್ಥವಾದ ಸಾಮಗ್ರಿಯನ್ನು ಸರಕಿನ ವೆಚ್ಚಕ್ಕೆ ಸೇರಿಸುವಂತಿಲ್ಲ. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 56ನೇ ನಿಯಮ ಗುಜರಿ ಮತ್ತು ತ್ಯಾಜ್ಯದ ಲೆಕ್ಕವನ್ನೂ, ತಯಾರಕರಿಂದ ತಿಂಗಳವಾರು ಉತ್ಪಾದನಾ ಲೆಕ್ಕವನ್ನೂ ಕೇಳುತ್ತದೆ. ಈ ಲೆಕ್ಕವಿಲ್ಲದಿದ್ದರೆ ಕಡಿಮೆ ಬಿದ್ದ ಸಾಮಗ್ರಿ ಉತ್ಪಾದನೆಯಲ್ಲಿ ಸವೆಯಿತೋ, ಕಳೆದುಹೋಯಿತೋ, ಬಿಲ್ಲಿಲ್ಲದೆ ಮಾರಾಟವಾಯಿತೋ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ; ಕಳೆದುಹೋದ ಅಥವಾ ನಾಶವಾದ ಸರಕಿಗೆ ಹೂಡುವಳಿ ತೆರಿಗೆ ಜಮೆ ಸಿಗದು. 2024ರ ಅಕ್ಟೋಬರ್ 10ರಿಂದ ನೋಂದಾಯಿತರ ನಡುವಿನ ಲೋಹದ ಗುಜರಿ ವ್ಯವಹಾರಕ್ಕೆ, ಮೌಲ್ಯ ಎರಡೂವರೆ ಲಕ್ಷ ಮೀರಿದಾಗ, ಜಿಎಸ್‌ಟಿಯಲ್ಲಿ ಶೇ. 2ರ ಮೂಲ ಕಡಿತವೂ ಜಾರಿಗೆ ಬಂದಿದೆ. ಗುಜರಿಯನ್ನು ಚಹಾ ಖರ್ಚಿನ ಹಣವೆಂದು ಭಾವಿಸುವ ಕಾಲ ಕಳೆಯಿತು.

ಮೂರು ಜನ ದುಡಿಯುವ ಶೆಡ್ಡಿನಲ್ಲಿ ಇಷ್ಟೆಲ್ಲ ಬರೆಯುವವರು ಯಾರು ಎಂಬ ಆಕ್ಷೇಪ ನ್ಯಾಯವಾದುದೇ. ನಾನು ಕೇಳುವುದು ಕಾಯಿಲಿಗೆ ಒಂದು ಸಾಲು ಮಾತ್ರ: ಕಾಯಿಲ್ ಸಂಖ್ಯೆ, ಬಂದ ತೂಕ, ಹೊರಬಂದ ಒಳ್ಳೆಯ ಮೀಟರು, ಗುಜರಿಯ ಕಿಲೋ, ಮತ್ತು ಕೆಟ್ಟಿದ್ದರೆ ಎಲ್ಲಿ ಕೆಟ್ಟಿತು ಎಂಬ ಒಂದು ಪದ. ಆರು ತಿಂಗಳ ಸಾಲುಗಳನ್ನು ಒಟ್ಟಿಗೆ ನೋಡಿದರೆ ದೋಷ ಒಬ್ಬ ಸರಬರಾಜುದಾರನ ಕಾಯಿಲಿಗೆ ಅಂಟಿಕೊಂಡಿದೆಯೋ, ಎಲ್ಲ ಕಾಯಿಲಿಗೂ ಸಮನಾಗಿದೆಯೋ ತಿಳಿಯುತ್ತದೆ. ಎರಡನೆಯದಾದರೆ ದೋಷ ನಮ್ಮ ಯಂತ್ರದ್ದು.

ಹಣಕ್ಕಿಂತ ದೊಡ್ಡದಾದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ತಗಡು ಓರೆಯಾಗಿ ಹೋಗುವಾಗ ಅದನ್ನು ಅಂಗೈಯಿಂದ ಒತ್ತಿ ಹಿಡಿದು ಮೊದಲ ರೋಲಿಗೆ ಕೊಡುವ ರೂಢಿ ನಮ್ಮಲ್ಲಿದೆ. ಕೈಚೀಲ ಹಾಕಿಕೊಂಡರೆ ಅಪಾಯವಿಲ್ಲವೆಂದು ತಿಳಿದವರಿದ್ದಾರೆ. ಬಟ್ಟೆಯ ಕೈಚೀಲವನ್ನು ರೋಲು ಬೆರಳಿಗಿಂತ ಮೊದಲು ಹಿಡಿದು, ಬೆರಳನ್ನೂ ಒಳಗೆಳೆಯುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಘಟಕದಲ್ಲಿ ಹೀಗೆಯೇ ಯುವಕನೊಬ್ಬ ಎರಡು ಬೆರಳು ಕಳೆದುಕೊಂಡನು. ಆಸ್ಪತ್ರೆಯ ಖರ್ಚನ್ನು ಯಾವ ಖಾತೆಗೆ ಬರೆಯಬೇಕೆಂದು ಮಾಲೀಕರು ನನಗೆ ದೂರವಾಣಿ ಮಾಡಿ ಕೇಳಿದರು. ನಾನು ಖಾತೆಯ ಹೆಸರು ಹೇಳಿ ಫೋನು ಇಟ್ಟೆನು. ಗೈಡು ಸರಿಪಡಿಸಿದಿರಾ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ನಮ್ಮ ಸಂಸ್ಥೆಯು ತೆರಿಗೆ ಕುರಿತು ಆಗಾಗ್ಗೆ ಸಭೆಗಳನ್ನು ಏರ್ಪಡಿಸುತ್ತದೆ. ಮುಂದಿನ ಸಲ ಸಭಾಂಗಣದ ಬದಲು ಸದಸ್ಯರೊಬ್ಬರ ಶೆಡ್ಡಿನಲ್ಲಿ, ಯಂತ್ರದ ಎದುರಿಗೆ, ದಾರ ಮತ್ತು ಮೈಕ್ರೋಮೀಟರ್ ಹಿಡಿದು ಒಂದು ದಿನದ ಪ್ರಾತ್ಯಕ್ಷಿಕೆ ನಡೆಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಬರುವವರು ತಮ್ಮ ಆಪರೇಟರನ್ನು ಹಾಗೂ ಕಳೆದ ಮೂರು ತಿಂಗಳ ಗುಜರಿ ಬಿಲ್ಲುಗಳನ್ನು ಜೊತೆಗೆ ತರಲಿ. ಕಾಯಿಲ್ ನೋಂದಣಿಯ ಮಾದರಿ ಪುಟವನ್ನು ನಾನು ಮುದ್ರಿಸಿಕೊಂಡು ತರುತ್ತೇನೆ.