ಐದನೇ ತರಗತಿಗೆ ಮಂಡಳಿಯ ಪರೀಕ್ಷೆ ಬೇಡ

2024ರ ಮಾರ್ಚ್‌ನಲ್ಲಿ ರಾಜ್ಯದ ಐದು, ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಕೋರ್ಟು ಕಚೇರಿಯ ಜಗ್ಗಾಟಕ್ಕೆ ಸಿಕ್ಕಿಬಿದ್ದರು. ಈ ತರಗತಿಗಳಿಗೆ ಮಂಡಳಿಯ ಪರೀಕ್ಷೆ ನಡೆಸುವ ಸರ್ಕಾರದ ಅಧಿಸೂಚನೆಯನ್ನು ಹೈಕೋರ್ಟ್‌ನ ಏಕಸದಸ್ಯ ಪೀಠ ರದ್ದು ಮಾಡಿತು. ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಪರೀಕ್ಷೆ ಶುರುವಾಯಿತು, ನಡುವೆಯೇ ನಿಂತಿತು, ಮತ್ತೆ ನಡೆಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆಯೊಡ್ಡಿತು. ಹತ್ತು ವರ್ಷದ ಮಕ್ಕಳನ್ನು ಈ ಪಾಡಿಗೆ ತಂದದ್ದು ಸರ್ಕಾರದ ಹಟ. ಇದು ಬೋರ್ಡ್ ಪರೀಕ್ಷೆಯಲ್ಲ, ಮೌಲ್ಯಾಂಕನ ಎಂದು ಅದು ವಾದಿಸಿತು. ಹೆಸರು ಏನೇ ಇರಲಿ, ಮಗು ಏನು ಕಲಿತಿದೆ ಎಂದು ತಿಳಿಯುವುದಕ್ಕೆ ಆ ವಿಧಾನ ತಪ್ಪು.

ಹೇಗೆ ತಪ್ಪು ಎಂಬುದಕ್ಕೆ ಒಂದು ಲೆಕ್ಕ ಸಾಕು. ಅರ್ಧಕ್ಕೆ ಮೂರನೇ ಒಂದು ಭಾಗವನ್ನು ಕೂಡಿಸು ಎಂದರೆ ಐದನೇ ತರಗತಿಯ ಹುಡುಗಿಯೊಬ್ಬಳು 2/5 ಎಂದು ಬರೆಯುತ್ತಾಳೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿದ್ದಾಳೆ. ಅರ್ಧಕ್ಕೆ ಇನ್ನೊಂದಿಷ್ಟು ಕೂಡಿಸಿದ ಮೇಲೂ ಬಂದದ್ದು ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂಬುದು ಅವಳಿಗೆ ಹೊಳೆದಿಲ್ಲ. ಪಕ್ಕದಲ್ಲೇ ನಿಂತ ಮೇಷ್ಟ್ರಿಗೆ ಎಡವಿದ್ದು ಎಲ್ಲಿ ಎಂದು ತಕ್ಷಣ ಗೊತ್ತಾಗುತ್ತದೆ. ಕಾಗದದ ಪಟ್ಟಿಯೊಂದನ್ನು ಆರು ಸಮಭಾಗವಾಗಿ ಮಡಿಸಿ, ಮೂರು ಭಾಗಕ್ಕೂ ಎರಡು ಭಾಗಕ್ಕೂ ಬಣ್ಣ ಹಚ್ಚಿಸಿದರೆ ಐದು ಭಾಗ ತುಂಬಿದ್ದನ್ನು ಅವಳೇ ನೋಡುತ್ತಾಳೆ. ಅದೇ ಉತ್ತರ ಮಾರ್ಚ್‌ನಲ್ಲಿ ಯಾರೋ ತಿದ್ದುವ ಪತ್ರಿಕೆಯಲ್ಲಿದ್ದರೆ ಬರೀ ಸೊನ್ನೆ. ಆರನೇ ತರಗತಿಯ ಶಿಕ್ಷಕರ ಕೈಗೆ ಸಿಗುವುದು ಒಟ್ಟು ಅಂಕ ಮಾತ್ರ. ಛೇದಗಳನ್ನು ಕೂಡಿಸಿದ ಸುಳಿವು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುವುದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನೇ. ನಮ್ಮ ಶಾಲೆಗಳಲ್ಲಿ ಅದಕ್ಕಾಗಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಆದರೆ ರೂಪಣಾತ್ಮಕವೆಂಬುದು ಎಷ್ಟೋ ಕಡೆ ಕಿರುಪರೀಕ್ಷೆಯಾಗಿ, ಆನ್‌ಲೈನ್‌ನಲ್ಲಿ ಅಂಕ ತುಂಬುವ ಗಡುವಾಗಿ ಉಳಿದಿದೆ. ಮಗುವಿನ ಚಟುವಟಿಕೆ ಎನ್ನಿಸಿಕೊಂಡದ್ದು ಜೆರಾಕ್ಸ್ ಅಂಗಡಿಯ ಪ್ರಿಂಟು, ಅಪ್ಪ ಅಂಟಿಸಿದ ಥರ್ಮಾಕೋಲು. ನಾಲ್ಕೈದು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ ದಾಖಲೆ ಬರೆಯಬೇಕೋ, ಮಗುವಿನ ಪಕ್ಕ ಕೂರಬೇಕೋ? ಇಲಾಖೆ ಕೇಳುವುದು ದಾಖಲೆಯನ್ನು. ಅಪರಾಧ ಇರುವುದು ಇಲ್ಲಿ.

ಮೇಷ್ಟ್ರ ಕೈಗೆ ಬಿಟ್ಟರೆ ಅಂಕ ಹಂಚಿಬಿಡುತ್ತಾರೆ ಎಂಬ ಅನುಮಾನ ಸುಳ್ಳಲ್ಲ. ಎಸ್‌ಎಸ್‌ಎಲ್‌ಸಿಯ 20 ಆಂತರಿಕ ಅಂಕಗಳು ದಾನದಂತೆ ಬೀಳುವುದನ್ನು ಪೋಷಕರೂ ಬಲ್ಲರು. ಹಾಗೆಂದು ಮಂಡಳಿಯ ಲಿಖಿತ ಪರೀಕ್ಷೆ ತಾನಾಗಿಯೇ ಪ್ರಾಮಾಣಿಕವೇ? 2023ರಲ್ಲಿ ಶೇ 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ತೇರ್ಗಡೆಯ ಭಯ ಎಲ್ಲಿರುತ್ತದೋ ಅಲ್ಲಿ ಅಂಕ ಸುಳ್ಳು ಹೇಳುತ್ತದೆ. ಆದ್ದರಿಂದ ತರಗತಿಯ ಮೌಲ್ಯಮಾಪನವನ್ನು ಅಂಕಪಟ್ಟಿಯಿಂದಲೇ ಬಿಡಿಸಬೇಕು. ಮಗು ಎಲ್ಲಿ ಎಡವುತ್ತಿದೆ ಎಂಬ ಎರಡು ಸಾಲು ಮುಂದಿನ ತರಗತಿಗೆ ಹೋದರೆ ಸಾಕು.

ರಾಜ್ಯದ ಒಟ್ಟು ಮಟ್ಟ ತಿಳಿಯಲು ಪ್ರತಿ ಮಗುವನ್ನೂ ಪರೀಕ್ಷೆಗೆ ಕೂರಿಸಬೇಕಿಲ್ಲ. 2017 ಮತ್ತು 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳು ಆಯ್ದ ಶಾಲೆಗಳಲ್ಲಷ್ಟೇ ನಡೆದವು; ಜಿಲ್ಲೆಗಳ ಚಿತ್ರ ಅದರಿಂದಲೇ ಸಿಕ್ಕಿತು. ಯಾವ ಮಗುವಿನ ಹೆಸರಿನ ಮುಂದೆಯೂ ಅಂಕ ಬೀಳಲಿಲ್ಲ.

ಮಂಡಳಿಯ ಕೆಲಸ ಹತ್ತನೇ ತರಗತಿಯಿಂದ ಶುರುವಾಗಲಿ. ಅದಕ್ಕಿಂತ ಕೆಳಗಿನ ತರಗತಿಗಳಲ್ಲಿ ಪ್ರಶ್ನೆ ಕೇಳುವುದು, ಉತ್ತರ ಓದುವುದು, ತಿದ್ದುವುದು ಆ ಮಗುವಿಗೆ ಪಾಠ ಮಾಡಿದ ಶಿಕ್ಷಕರ ಹಕ್ಕು. ಖಾಲಿ ಹುದ್ದೆಗಳನ್ನು ತುಂಬಿ, ದಾಖಲೆಗಳ ಹೊರೆ ಇಳಿಸಿ, ಆ ಹಕ್ಕನ್ನು ಸರ್ಕಾರ ಅವರಿಗೆ ಹಿಂದಿರುಗಿಸಬೇಕು.