ಅಪ್ಪಯ್ಯನ ಟ್ರಂಕಿಗೆ ಗ್ರೇಡ್ ಹಾಕೋರು ಯಾರು?



ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಹೋದ ಭಾನುವಾರ ಬೋರನಕಣಿವೆ ಹತ್ತಿರದ ನಮ್ಮನೆಗೆ ಬೆಂಗಳೂರಿಂದ ಒಬ್ಬರು ಬಂದಿದ್ದರು. ಹಳೇ ಕಾಮಿಕ್ಸು, ಪತ್ತೇದಾರಿ ಕಾದಂಬರಿ, ಹಳೇ ಮಾಸಪತ್ರಿಕೆ ಕೊಳ್ಳುವವರು. ಒಳ್ಳೆ ಮನುಷ್ಯ. ನಮ್ಮನೇಲಿ ಟೀ ಕುಡಿದರು, ಮರ್ಯಾದೆಯಿಂದ ಮಾತಾಡಿದರು. ಅಪ್ಪಯ್ಯನ ಟ್ರಂಕು ತೆಗೆದು ಚಾಪೆ ಮೇಲೆ ಎಲ್ಲಾ ಹರಡಿದೆ. ಅವರು ಒಂದೊಂದನ್ನೇ ಎತ್ತಿ ಬೆನ್ನು ನೋಡಿದರು, ಪಿನ್ನು ತುಕ್ಕು ಹಿಡಿದಿದೆಯಾ ನೋಡಿದರು, ಮೂಲೆ ಮಡಚಿದೆಯಾ ನೋಡಿದರು, ಪುಟ ಎಣಿಸಿದರು. ಅರ್ಧ ಗಂಟೇಲಿ ಎರಡು ಗುಡ್ಡೆ ಆಯ್ತು.

ಮೊದಲನೇ ಗುಡ್ಡೇಲಿ ಚಂದಮಾಮ, ಎನ್. ನರಸಿಂಹಯ್ಯನವರ ಪತ್ತೇದಾರಿಗಳು, ಒಂದೆರಡು ಫ್ಯಾಂಟಮ್ ಕಾಮಿಕ್ಸು. ಅದಕ್ಕೆ ರೇಟು ಹೇಳಿದರು. ಸಣ್ಣ ದುಡ್ಡೇನಲ್ಲ.

ಎರಡನೇ ಗುಡ್ಡೇಲಿ ‘ಪಂಚಮ’ದ ಬಿಡಿ ಸಂಚಿಕೆಗಳು, ದಲಿತ ಸಂಘರ್ಷ ಸಮಿತಿಯ ಕರಪತ್ರಗಳು, ಹೋರಾಟದ ಹಾಡಿನ ಪುಸ್ತಕ, ಶಿಬಿರದಲ್ಲಿ ಹಂಚಿದ ಸೈಕ್ಲೋಸ್ಟೈಲ್ ಹಾಳೆಗಳು. “ಇದು ಪೂರ್ ಕಂಡೀಷನ್ ಸಾರ್, ಗಿರಾಕಿನೂ ಇಲ್ಲ. ತೂಕಕ್ಕೆ ಹಾಕ್ಬಿಡಿ” ಅಂದರು.

ಅವರ ಮೇಲೆ ಸಿಟ್ಟಿಲ್ಲ. ಅವರದು ವ್ಯಾಪಾರ. ಆದರೆ ಆವತ್ತಿಂದ ತಲೇಲಿ ಒಂದೇ ವಿಷಯ ಕೊರೀತಿದೆ.

ನಮ್ಮ ಸೀಮೆಯವರಿಗೆ ಗ್ರೇಡು ಅನ್ನೋದು ಹೊಸದಲ್ಲ. ಕಾಯಿ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಕಾಯ್ತಾರೆ. ಒಳಗೆ ನೀರಿಂಗಿ, ಅಲ್ಲಾಡಿಸಿದರೆ ಗಡಗಡ ಅಂದಮೇಲೆ ಸುಲಿದು ಒಡೀತಾರೆ. ತಿಪಟೂರು ಮಾರ್ಕೆಟ್ಟಲ್ಲಿ ಉಂಡೆ ಕೊಬ್ಬರಿಯ ಗಾತ್ರ, ಬಣ್ಣ, ತೇವ ನೋಡಿ ರೇಟು ಕಟ್ತಾರೆ. ಕೌಟು ಹಿಡಿದದ್ದು ಪಕ್ಕಕ್ಕೆ. ಗುಮಾಸ್ತನಾದ ನಂಗೆ ಇನ್ನೊಂದು ಗ್ರೇಡೂ ಗೊತ್ತು, ರೆಕಾರ್ಡ್ ರೂಮಿನದು. ‘ಎ’ ದರ್ಜೆ ಕಡತ ಶಾಶ್ವತ. ಕೆಳಗಿನ ದರ್ಜೆಯದು ಇಂತಿಷ್ಟು ವರ್ಷ ಆದಮೇಲೆ ನಾಶ. ಯಾವುದು ಎ, ಯಾವುದು ಕೆಳಗೆ ಅಂತ ಬರೆಯೋ ಕೈಯಲ್ಲೇ ಎಲ್ಲಾ ಇದೆ. ಇನ್ನು ಮೂರನೇ ಗ್ರೇಡಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಬಾಬಾಸಾಹೇಬರು ಅದಕ್ಕೆ ಶ್ರೇಣೀಕೃತ ಅಸಮಾನತೆ ಅಂತ ಹೆಸರಿಟ್ಟು ಹೋಗಿದ್ದಾರೆ.

ಈ ಕಾಮಿಕ್ಸ್ ಗ್ರೇಡು ಹೇಗೆ ನಡೆಯುತ್ತೆ ಅಂತ ರಾತ್ರಿ ಕೂತು ಓದಿದೆ. ಅಮೆರಿಕದಲ್ಲಿ 2000ನೇ ಇಸವಿಯಿಂದ ಸಿಜಿಸಿ ಅನ್ನೋ ಕಂಪನಿ ಇದೆ. ಹಳೇ ಕಾಮಿಕ್ಸಿಗೆ 0.5ರಿಂದ 10ರವರೆಗೆ ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕೊಡುತ್ತೆ. ಸೀಲ್ ಒಡೆದು ಓದಿದರೆ ಆ ಅಂಕಕ್ಕೆ ಬೆಲೆಯಿಲ್ಲ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್ ಒಂದನೇ ಸಂಚಿಕೆ 1938ರಲ್ಲಿ 10 ಸೆಂಟಿಗೆ ಮಾರಾಟ ಆಗಿತ್ತು. 8.5 ಅಂಕ ಬಿದ್ದ ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯ್ತು. ಮಕ್ಕಳು ಓದಿ ಹರಿದು ಹಾಕಿದ್ದರು, ಯುದ್ಧದ ಕಾಲದಲ್ಲಿ ಜನ ರದ್ದಿಗೆ ಕೊಟ್ಟಿದ್ದರು. ಉಳಿದದ್ದೇ ಕಮ್ಮಿ, ಅದಕ್ಕೇ ಆ ಬೆಲೆ.

ಅಂದರೆ ಲೆಕ್ಕ ಇಷ್ಟೇ. ಯಾರೂ ಮುಟ್ಟದೆ ಇಟ್ಟದ್ದು ಮೇಲಿನ ದರ್ಜೆ. ಹತ್ತು ಕೈ ಮುಟ್ಟಿದ್ದು ಕೆಳಗಿನ ದರ್ಜೆ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಅಪ್ಪಯ್ಯ ಕಾಯಿ ಸುಲಿಯೋ ಕೂಲಿ. ಓದಿದ್ದು ಮೂರನೇ ಕ್ಲಾಸು. ಸುಲಿಯೋಕೆ ಹೋದ ತೋಟದ ಮನೆಯೊಂದರಲ್ಲಿ ಓದಿ ಮುಗಿಸಿದ ಚಂದಮಾಮ ಕೊಡೋರು. ಕೈಗೆ ಕೊಡ್ತಿರಲಿಲ್ಲ. ಜಗಲಿ ಮೇಲಿಂದ ಅಂಗಳಕ್ಕೆ ಎಸೆಯೋರು. ಅಪ್ಪಯ್ಯ ಟವೆಲ್ ಹಿಡಿಯೋರು, ಒಂದೊಂದು ಸಲ ತಪ್ಪಿ ನೆಲಕ್ಕೆ ಬೀಳೋದು. ಆ ಟ್ರಂಕಿನ ಎಷ್ಟೋ ಚಂದಮಾಮಗಳ ಒಂದು ಮೂಲೆ ಜಜ್ಜಿ ಹೋಗಿದೆ. ಬೆಂಗಳೂರಿನವರು ಆ ಮೂಲೆ ನೋಡಿ ಬೆಲೆ ಕಳೆದರು. ನಾನು ಸುಮ್ಮನಿದ್ದೆ. ಆ ಮೂಲೆ ಹೇಗೆ ಜಜ್ಜಿತು ಅಂತ ಹೇಳಿದರೆ ಅವರು ಟೀ ಕುಡಿಯೋಕೆ ಸಂಕೋಚ ಪಡ್ತಿದ್ದರೇನೋ.

ನರಸಿಂಹಯ್ಯನವರ ಬಗ್ಗೆ ಒಂದು ಮಾತು. ಅವರು ಓದಿದ್ದೂ ನಾಲ್ಕನೇ ಕ್ಲಾಸೇ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಸಾಹಿತ್ಯ ಚರಿತ್ರೆಯ ದಪ್ಪ ಸಂಪುಟಗಳಲ್ಲಿ ಅವರಿಗೆ ಎಷ್ಟು ಪುಟ ಸಿಕ್ಕಿದೆ ನೀವೇ ತೆಗೆದು ನೋಡಿ. ಆದರೆ ಅಪ್ಪಯ್ಯನಂಥವರು ಅಕ್ಷರ ಕೂಡಿಸಿ ಓದೋಕೆ ಕಲಿತದ್ದು ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ. ಕೊಲೆಗಾರ ಯಾರು ಅಂತ ತಿಳಿಯೋ ಆಸೆಗೆ ಒತ್ತಕ್ಷರವೂ ಬಂತು. ಹಾಗೆ ಓದು ಕೈಗೆ ಹತ್ತಿದ ಮೇಲೆ ಪಂಚಮ ಬಂತು, ಕರಪತ್ರ ಬಂತು. ಹಾಗಾಗಿ ಆ ಎರಡು ಗುಡ್ಡೆ ನನಗೆ ಎರಡಲ್ಲ. ಒಂದು ಇಲ್ಲದೆ ಇನ್ನೊಂದು ಇಲ್ಲ.

1973ರ ಬೂಸಾ ಗಲಾಟೆ, ಆಮೇಲೆ ಭದ್ರಾವತಿಯಲ್ಲಿ ಸಮಿತಿ ಹುಟ್ಟಿದ್ದು, ಪ್ರೊ. ಬಿ. ಕೃಷ್ಣಪ್ಪನವರು, ಇದೆಲ್ಲ ನಿಮಗೆ ಗೊತ್ತು. ಆ ದಿನಗಳ ಪತ್ರಿಕೆ ನಮ್ಮ ಕೇರಿಗೆ ಬಂದರೆ ಒಬ್ಬರು ಗಟ್ಟಿಯಾಗಿ ಓದೋರು, ಇಪ್ಪತ್ತು ಜನ ಸುತ್ತ ಕೂತು ಕೇಳೋರು. ಸೀಮೆಎಣ್ಣೆ ಬುಡ್ಡಿಯ ಮಸಿ ಇನ್ನೂ ಪುಟದ ಮೇಲಿದೆ. ಮುಂದೆ ಯಾರ ಮನೆಗೆ ಹೋಗಬೇಕು ಅಂತ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಹೆಸರು ಬರೆದಿದ್ದಾರೆ. ಗ್ರೇಡ್ ಹಾಕೋರ ಭಾಷೇಲಿ ಪುಟದ ಮೇಲೆ ಬರೆದದ್ದು ದೋಷ. ನಮಗೆ ಅದು ಒಂದು ಕೇರಿಯ ಹಾಜರಿ ಪುಸ್ತಕ.

ಈಗ ನನ್ನ ತಪ್ಪು ಹೇಳ್ತೀನಿ. ಇಪ್ಪತ್ತು ವರ್ಷದ ಹಿಂದೆ ಮನೆ ಬದಲಿಸುವಾಗ ಜಾಗ ಇಲ್ಲ ಅಂತ ಒಂದು ಮೂಟೆ ಕಾಗದ ಗುಜರಿಯವನಿಗೆ ಹಾಕಿದೆ. ಬಂದ ದುಡ್ಡು ಒಂದು ಕೆಜಿ ಬೇಳೆಗೂ ಸಾಲಲಿಲ್ಲ. ಅಪ್ಪಯ್ಯ ಬೈಯಲಿಲ್ಲ. ಎರಡು ದಿನ ಬಿಟ್ಟು, “ಮೂಟೇಲಿ ಏನಿತ್ತು ಅಂತ ಬಿಚ್ಚಿ ನೋಡಿದ್ಯೇನಪ್ಪಾ?” ಅಂದರು. ನೋಡಿರಲಿಲ್ಲ. ಬಿ.ಎ. ಓದಿದ ಮಗ, ಸಂಘಟನೆಯ ಮಗ, ನೋಡಿರಲಿಲ್ಲ. ಹಾಗಾಗಿ ತೂಕಕ್ಕೆ ಹಾಕಿ ಅಂದ ಬೆಂಗಳೂರಿನವರನ್ನ ಬೈಯೋ ಯೋಗ್ಯತೆ ನನಗಿಲ್ಲ.

ಆರ್ಥರ್ ಶೋಂಬರ್ಗ್ ಅಂತ ಒಬ್ಬರಿದ್ದರು. ಪೋರ್ಟೊರಿಕೊದಲ್ಲಿ ಹುಟ್ಟಿದ ಕಪ್ಪು ಜನಾಂಗದವರು. ಕಪ್ಪು ಜನರಿಗೆ ಇತಿಹಾಸವೇ ಇಲ್ಲ ಅಂತ ಶಾಲೆಯಲ್ಲಿ ಮೇಡಮ್ಮು ಹೇಳಿದ್ದು ಅವರ ಎದೆಗೆ ನೆಟ್ಟಿತ್ತಂತೆ. ನ್ಯೂಯಾರ್ಕಿನ ಬ್ಯಾಂಕಲ್ಲಿ ಟಪಾಲು ವಿಭಾಗದಲ್ಲಿ ಕೆಲಸ, ಅಂದರೆ ನಮ್ಮಂಥ ಗುಮಾಸ್ತರೇ. ಸಂಬಳದಲ್ಲಿ ಉಳಿಸಿ ಹಳೇ ಪುಸ್ತಕ, ಹಸ್ತಪ್ರತಿ, ಕರಪತ್ರ ಕೂಡಿಹಾಕಿದರು. 1926ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೋಸ್ಕರ ಅದನ್ನ 10,000 ಡಾಲರ್ ಕೊಟ್ಟು ಕೊಂಡರು. ಇವತ್ತು ಕಪ್ಪು ಜನರ ಚರಿತ್ರೆ ಬರೆಯೋರು ಹಾರ್ಲೆಮ್ಮಿನ ಆ ಸಂಗ್ರಹಕ್ಕೆ ಹೋಗಲೇಬೇಕು. ನಮ್ಮಲ್ಲೇ ನೋಡಿ, ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರು. ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೇಲಿ ದುಡಿದವರು. ಲಕ್ಷಗಟ್ಟಲೆ ಪುಸ್ತಕ ಕೂಡಿಸಿದ್ದಾರೆ. ಸಂಗ್ರಹ ಅನ್ನೋದು ಶ್ರೀಮಂತರ ಶೋಕಿ ಅಂತ ಯಾರೂ ಹೇಳಬೇಡಿ.

ಚಿತ್ರಕಥೆ ಅಂದರೆ ಮಕ್ಕಳಾಟ ಅಂತಲೂ ಹೇಳಬೇಡಿ. ಮಾಂಟ್ಗೊಮರಿ ಬಸ್ ಬಹಿಷ್ಕಾರದ ಕಥೆ ಹೇಳೋಕೆ 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ 16 ಪುಟದ ಕಾಮಿಕ್ಸ್ ತಂದರು. ಅದನ್ನ ಓದಿ ಚಳವಳಿಗೆ ಇಳಿದ ವಿದ್ಯಾರ್ಥಿಗಳಿದ್ದಾರೆ. ನಮ್ಮ ಕಡೆ ಅಮರ ಚಿತ್ರಕಥೆ ಶುರುವಾದದ್ದು ಕನ್ನಡದಲ್ಲೇ, ಮೊದಲ 10 ಸಂಚಿಕೆ ಹೊರದೇಶದ ಮಕ್ಕಳ ಕಥೆಗಳು. ಅದಕ್ಕೇ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ದೇವರು, ರಾಜರು, ಋಷಿಗಳು ಸಾಲಾಗಿ ಬಂದಮೇಲೆ ಬಾಬಾಸಾಹೇಬರ ಸರದಿ ಬಂದದ್ದು 1979ಕ್ಕೆ. ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಚಿತ್ರ ಬರೆದ ‘ಭೀಮಾಯನ’ಕ್ಕೆ 2011ರವರೆಗೆ ಕಾಯಬೇಕಾಯ್ತು. ಇವು ಮನೇಲಿದ್ದರೆ ಎತ್ತಿಡಿ.

ಹಾಗಂತ ಕೊಳೆಯೇ ಚಂದ ಅಂತ ನಾನು ಹೇಳ್ತಿಲ್ಲ. ಗ್ರೇಡ್ ಹಾಕೋರು ಒಂದು ವಿಷಯದಲ್ಲಿ ಸರಿ ಇದ್ದಾರೆ. ಅಗ್ಗದ ಕಾಗದ ಮರದ ತಿರುಳಿನದು. ಅದರೊಳಗೇ ಹುಳಿ ಇರುತ್ತೆ. ಗಾಳಿ, ಬೆಳಕು, ಬಿಸಿ ತಾಗಿ ಹಳದಿಯಾಗಿ, ಕಂದಾಗಿ, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತೆ. ಪತ್ತೇದಾರಿಯೂ ಅದೇ ಕಾಗದ, ಪಂಚಮವೂ ಅದೇ ಕಾಗದ. ಕೊಬ್ಬರಿ ಒಣಗಿಸೋ ಅಟ್ಟದಲ್ಲಿ ಇಟ್ಟರಂತೂ ಮುಗೀತು. ಅದಕ್ಕೆ ಇಷ್ಟು ಮಾಡಿ:

ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ತುಕ್ಕು ಪಿನ್ನು ಮೆತ್ತಗೆ ಬಿಡಿಸಿ, ದಾರ ಹಾಕಿ. ನಿಲ್ಲಿಸಬೇಡಿ, ಮಲಗಿಸಿಡಿ. ಬಿಸಿಲು, ಹೊಗೆ, ಗೋಡೆಯ ತೇವ ತಾಗದ ಕಡೆ ಇಡಿ. ಮೊಬೈಲಲ್ಲಾದರೂ ಪುಟಪುಟದ ಫೋಟೋ ತೆಗೆದಿಡಿ. ಇಂಟರ್ನೆಟ್ ಆರ್ಕೈವಿನಲ್ಲಿ ಸಾವಿರಾರು ಕನ್ನಡ ಪುಸ್ತಕ ಏರಿಸಿದ್ದಾರೆ, ನಮ್ಮವೂ ಅಲ್ಲಿ ಇರಬೇಕು. ಪೆನ್ಸಿಲ್ ಹೆಸರುಗಳನ್ನ ಅಳಿಸಬೇಡಿ.

ಸಂಗಾತಿಗಳಿಗೆ ಇನ್ನೊಂದು ಮಾತು, ಬೇಜಾರಾದರೂ ಪರವಾಗಿಲ್ಲ. ನಮ್ಮ ಕರಪತ್ರಗಳಲ್ಲಿ “ದಿನಾಂಕ 14, ಭಾನುವಾರ, ಬೆಳಿಗ್ಗೆ 11ಕ್ಕೆ” ಅಂತಿರುತ್ತೆ, ಇಸವಿಯೇ ಇರಲ್ಲ! ಸಂಘಟನೆ ಒಡೆದು ಬಣ ಆದಾಗ ಒಬ್ಬರ ಕಾಗದ ಇನ್ನೊಬ್ಬರಿಗೆ ಕಸ ಆಗಿದೆ. ಬೇರೆಯವರು ನಮ್ಮನ್ನ ಕೆಳದರ್ಜೆಗೆ ಹಾಕಿ ನಾಶ ಮಾಡಿದರು ಅಂತ ದೂರೋಕೆ ಮೊದಲು ನಾವೇ ಎಷ್ಟು ನಾಶ ಮಾಡಿದ್ದೀವಿ ನೋಡ್ಕೋಬೇಕು. ಕಾಗದದ ಸ್ಥಿತಿಗೆ ಒಂದು ಅಂಕ ಇರಲಿ. ಅದರ ಪಕ್ಕ ನಮ್ಮದೇ ಮೂರು ಪ್ರಶ್ನೆ ಇರಲಿ: ಇದರ ಇನ್ನೊಂದು ಪ್ರತಿ ಎಲ್ಲಾದರೂ ಇದೆಯಾ? ಇದರಲ್ಲಿರೋ ವಿಷಯ ಬೇರೆ ಕಡೆ ದಾಖಲಾಗಿದೆಯಾ? ಯಾರ ಯಾರ ಕೈ ದಾಟಿ ಬಂದಿದೆ?

ಕೊನೆಗೆ ಏನಾಯ್ತು ಅಂತೀರಾ? ಮಗಳ ಫೀಸು ಕಟ್ಟೋದಿತ್ತು, ಸುಳ್ಳು ಹೇಳಲ್ಲ. ಜೋಡಿ ಇದ್ದ ಚಂದಮಾಮಗಳಲ್ಲಿ ಚೆನ್ನಾಗಿದ್ದ ಪ್ರತಿಗಳನ್ನ ಅವರಿಗೆ ಕೊಟ್ಟೆ. ಮೂಲೆ ಜಜ್ಜಿದವು ನನ್ನ ಹತ್ತಿರವೇ ಇವೆ. ಎರಡನೇ ಗುಡ್ಡೆಯನ್ನ ಮಗಳೂ ನಾನೂ ಕೂತು ಪಟ್ಟಿ ಮಾಡ್ತಿದ್ದೀವಿ. ಪೆನ್ಸಿಲ್ ಹೆಸರಿನವರಲ್ಲಿ ಮೂವರು ಇನ್ನೂ ಬದುಕಿದ್ದಾರೆ, ಬರೋ ವಾರ ಅವರ ಮನೆಗೆ ಹೋಗ್ತೀವಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸಂಗಾತಿಗಳೇ, ನಿಮ್ಮ ಮನೆಯ ಅಟ್ಟ, ಟ್ರಂಕು, ಮೂಟೆ ಒಂದ್ಸಲ ಬಿಚ್ಚಿ ನೋಡಿ. ಗುಜರಿಯವನು ಬರೋಕೆ ಮುಂಚೆ ನಂಗೊಂದು ಫೋನ್ ಮಾಡಿ.

ಜೈಭೀಮ್.